ಐನೂರು ತಲೆಗೆ ರಸ್ತೆ, ಬಸ್ಸಿಗೆ ಬೇರೆಯದೇ ಲೆಕ್ಕ

2025ರ ಜುಲೈ 14ರಂದು ಕರ್ನಾಟಕದಲ್ಲಿ ಸಾರಿಗೆಗೆ ಸಂಬಂಧಪಟ್ಟ ಎರಡು ಸಮಾರಂಭಗಳು ನಡೆದವು. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಅದೇ ದಿನ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಸ್ ಹತ್ತಿ, ಶಕ್ತಿ ಯೋಜನೆಯ 500 ಕೋಟಿಯನೇ ಉಚಿತ ಟಿಕೆಟನ್ನು ಮಹಿಳೆಯೊಬ್ಬರ ಕೈಗಿತ್ತರು. ಸೇತುವೆಯ ಕಾರ್ಯಕ್ರಮಕ್ಕೆ ಯಾರನ್ನು ಹೇಗೆ ಕರೆದರು ಎಂಬ ಜಗಳದಲ್ಲಿ ಆ ವಾರದ ಸುದ್ದಿಯೆಲ್ಲ ಮುಗಿದುಹೋಯಿತು. ಒಂದು ಸಣ್ಣ ಹಳ್ಳಿಯ ಕಡೆಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಊರಿಗೆ ದಾರಿ ಆಗುವುದು ಒಂದು ಲೆಕ್ಕದಿಂದ, ಆ ದಾರಿಯಲ್ಲಿ ಬಸ್ಸು ಬರುವುದು ಇನ್ನೊಂದು ಲೆಕ್ಕದಿಂದ. ಎರಡೂ ಲೆಕ್ಕ ಒಟ್ಟಿಗೆ ಕೂಡಿ ಬರುವ ಊರುಗಳು ಎಷ್ಟಿದ್ದಾವು?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತ ಮೇಲೆ ಹೊಳೆಯಾಚೆಯ ತುಮರಿ ಮತ್ತು ಸುತ್ತಲಿನ ಹಳ್ಳಿಗಳು ತಮ್ಮದೇ ತಾಲ್ಲೂಕು ಕೇಂದ್ರದಿಂದ ತುಂಡಾದವು. ಸಾಗರಕ್ಕೆ ಹೋಗಬೇಕೆಂದರೆ ಲಾಂಚ್ ಕಾಯಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಳೆಬಾಗಿಲಿನಲ್ಲಿ ನಿಂತವನಿಗೆ ಎದುರು ದಡದ ಊರು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. 2023ರ ಬೇಸಿಗೆಯಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಇಡೀ ನಾಡಿಗೆ ಬೆಳಕು ಕೊಡಲು ಮುಳುಗಿದ ಸೀಮೆಗೆ ಸೇತುವೆ ಸಿಗಲು ಅರವತ್ತು ವರ್ಷ ಹಿಡಿಯಿತು. ತಡವಾದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಹಳ್ಳಿಯ ಸಂಪರ್ಕವನ್ನು ಅಳೆಯುವ ಕೋಲೇ ತಲೆಗಳ ಸಂಖ್ಯೆ. ಆ ಕೋಲಿನಲ್ಲಿ ಅಳೆದರೆ ಹಿನ್ನೀರಿನಾಚೆಯ ಜನ ಯಾವತ್ತೂ ಕಡಿಮೆಯೇ. ಕೊನೆಗೆ ಸೇತುವೆ ಬಂದದ್ದು ಹಳ್ಳಿಯ ರಸ್ತೆಯಾಗಿ ಅಲ್ಲ, ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯಾಗಿ, ಸುಮಾರು 470 ಕೋಟಿ ರೂಪಾಯಿ ವೆಚ್ಚದಲ್ಲಿ. ಹೊಳೆಯಾಚೆಯ ಸಿಗಂದೂರಿನ ಚೌಡೇಶ್ವರಿಯ ಭಕ್ತರ ಸಂದಣಿಯೂ ಬೆನ್ನಿಗಿತ್ತು. ಇಂಥ ದೇವಸ್ಥಾನ ಇಲ್ಲದ ಊರುಗಳ ಕಥೆ ಏನು ಎಂದು ನೋಡಲು ಮೊದಲು ಹಳ್ಳಿಯನ್ನು ಎಣಿಸುವ ರೀತಿಯನ್ನೇ ಬಿಡಿಸಬೇಕು.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 29,340 ಗ್ರಾಮಗಳು. ಜನ ವಾಸವಿದ್ದದ್ದು 27,397ರಲ್ಲಿ. ಉಳಿದವು ಕಂದಾಯ ಇಲಾಖೆಯ ಮಾತಿನಲ್ಲಿ ಬೇಚರಾಕ್. ಸರ್ವೆ ನಂಬರುಗಳಿವೆ, ನಕ್ಷೆ ಇದೆ, ದೀಪ ಹಚ್ಚುವ ಮನೆ ಒಂದೂ ಇಲ್ಲ. ರಾಜ್ಯದ ಗ್ರಾಮೀಣ ಜನಸಂಖ್ಯೆ 3.75 ಕೋಟಿಯನ್ನು ಜನ ಇರುವ ಗ್ರಾಮಗಳಿಗೆ ಹಂಚಿದರೆ ತಲಾ 1,370ರ ಆಸುಪಾಸು ಬರುತ್ತದೆ. ಈ ಸರಾಸರಿಯಿಂದ ಯಾವ ಊರಿನ ಚಿತ್ರವೂ ಸಿಗುವುದಿಲ್ಲ. ವಿಜಯಪುರ, ಬಾಗಲಕೋಟೆಯ ಕಡೆ ಗೋಡೆಗೆ ಗೋಡೆ ತಾಗಿಸಿಕೊಂಡು ಸಾವಿರಾರು ಜನ ಒಂದೇ ಕಡೆ ಬದುಕುವ ಊರುಗಳಿವೆ. ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರದ ಕಡೆ ಗ್ರಾಮವೆಂದರೆ ಗುಡ್ಡದ ಈ ಬದಿಗೆ ನಾಲ್ಕು ಮನೆ, ಹಳ್ಳ ದಾಟಿ ಆರು ಮನೆ, ತೋಟದ ತಲೆಯಲ್ಲಿ ಒಂಟಿ ಮನೆ. ಎಲ್ಲ ಸೇರಿ ದಾಖಲೆಯಲ್ಲಿ ಒಂದೇ ಹೆಸರು.

ಕಂದಾಯ ಗ್ರಾಮಕ್ಕೂ ಜನ ಬದುಕುವ ಊರಿಗೂ ಇರುವ ಈ ಅಂತರ ಬಯಲುಸೀಮೆಯಲ್ಲಿ ಬೇರೆ ರೂಪದಲ್ಲಿದೆ. ತಾಂಡಾ, ಗೊಲ್ಲರಹಟ್ಟಿ, ಹಾಡಿ, ಮಜರೆ, ಕ್ಯಾಂಪ್ ಎಂದು ಕರೆಸಿಕೊಳ್ಳುವ ವಸತಿಗಳಲ್ಲಿ ತಲೆಮಾರುಗಳಿಂದ ಜನ ಇದ್ದರೂ ಅವಕ್ಕೆ ಸ್ವಂತ ಗ್ರಾಮಸಂಖ್ಯೆ ಇರಲಿಲ್ಲ. ಅವರ ತಲೆ ಎಣಿಕೆಯಾಗುತ್ತಿತ್ತು, ಆದರೆ ಎರಡು-ಮೂರು ಕಿಲೋಮೀಟರ್ ಆಚೆಯ ಮೂಲ ಗ್ರಾಮದ ಖಾತೆಗೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಐವತ್ತು ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ ಸಂದರ್ಭದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದೇ ಜಿಲ್ಲೆಗಳಲ್ಲಿ ಇಂಥ ಸುಮಾರು 1,475 ದಾಖಲೆರಹಿತ ವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿದ್ದನ್ನು ಸರ್ಕಾರ ಹೇಳಿತು. ಮೂಲ ಗ್ರಾಮಕ್ಕೆ ಡಾಂಬರು ರಸ್ತೆ ಇದ್ದರೆ ಕಾಗದದ ಮೇಲೆ ತಾಂಡಾಕ್ಕೂ ರಸ್ತೆ ಇದ್ದಂತೆಯೇ. ಮಳೆಗಾಲದಲ್ಲಿ ಕರಿಮಣ್ಣಿನ ದಾರಿಯಲ್ಲಿ ಬೈಕನ್ನು ತಳ್ಳಿಕೊಂಡು ಹೋಗುವವರಿಗೆ ಆ ಕಾಗದದಿಂದ ಏನು ಪ್ರಯೋಜನ?

ಎಣಿಕೆಯ ಕಾಲವೂ ಒಂದು ಸಮಸ್ಯೆ. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ, ಅದರ ಆಧಾರ ದಿನ ಮಾರ್ಚ್ 1. ಎಣಿಕೆಯ ಅವಧಿಯಷ್ಟೂ ಊರಿನಲ್ಲಿ ಇಲ್ಲದವರನ್ನು ಅವರು ಸಿಕ್ಕ ಕಡೆಯಲ್ಲೇ ಎಣಿಸುವುದು ರೂಢಿ. ಫೆಬ್ರವರಿ ಎಂದರೆ ಕಬ್ಬಿನ ಹಂಗಾಮು ಇನ್ನೂ ನಡೆಯುತ್ತಿರುವ ತಿಂಗಳು. ಉತ್ತರ ಕರ್ನಾಟಕದ ಎಷ್ಟೋ ತಾಂಡಾಗಳಲ್ಲಿ ಆಗ ಉಳಿದಿರುವವರು ಮುದುಕರು ಮತ್ತು ಅವರ ಬಳಿ ಬಿಟ್ಟುಹೋದ ಮಕ್ಕಳು. ದುಡಿಯುವವರು ಗ್ಯಾಂಗ್ ಕಟ್ಟಿಕೊಂಡು ಕಬ್ಬಿನ ಗದ್ದೆಯಲ್ಲೋ, ಬೆಂಗಳೂರು, ಪುಣೆ, ಗೋವಾದ ಕಟ್ಟಡಗಳಲ್ಲೋ ಇರುತ್ತಾರೆ. ಯುಗಾದಿಗೆ ತುಂಬಿ ತುಳುಕುವ ಊರು ಗಣತಿಯ ಪುಸ್ತಕದಲ್ಲಿ ಅರ್ಧ ಖಾಲಿ.

ಮಲೆನಾಡಿನಲ್ಲಿ ಖಾಲಿಯಾಗುತ್ತಿರುವುದು ಹಂಗಾಮಿಗೆ ಮಾತ್ರವಲ್ಲ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತು. ಚಿಕ್ಕಮಗಳೂರು ಜಿಲ್ಲೆಯದ್ದು 11,40,905ರಿಂದ 11,37,961ಕ್ಕೆ ಇಳಿಯಿತು. ಕೊಡಗಿನ ಏರಿಕೆ ಶೇ 1ರ ಮೇಲೆ ಅಷ್ಟಿಷ್ಟು. ಆಮೇಲಿನ ಅಂಕಿ ನಮ್ಮ ಬಳಿ ಇಲ್ಲ, ಏಕೆಂದರೆ 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲ. ಆದರೂ ಆ ಹಳೆಯ ಅಂಕಿಯ ಮೇಲೆಯೇ ಹೊಸ ರಸ್ತೆಗಳು ತೀರ್ಮಾನವಾಗುತ್ತಿವೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ರಂದು. ಇದರ ದೊಡ್ಡ ಗುಣವೆಂದರೆ ಕಂದಾಯ ಗ್ರಾಮವನ್ನು ಬಿಟ್ಟು ಜನವಸತಿಯನ್ನು ಘಟಕವಾಗಿ ಹಿಡಿದದ್ದು. ಅದಕ್ಕಾಗಿ ಯೋಜನೆಯನ್ನು ಮೆಚ್ಚಲೇಬೇಕು. ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಇರುವ, ಸರ್ವಋತು ರಸ್ತೆಯಿಂದ ಕನಿಷ್ಠ 500 ಮೀಟರ್ ದೂರವಿರುವ ವಸತಿಗೆ ಒಂದು ರಸ್ತೆ. 500 ಮೀಟರ್ ಒಳಗಿನ ವಸತಿಗಳನ್ನು ಕೂಡಿಸಿ ಲೆಕ್ಕ ಹಾಕಲು ಅವಕಾಶವಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಾಲ್ಕನೇ ಹಂತ ದೇಶದಲ್ಲಿ 25,000 ವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ ಮಾಡುತ್ತೇನೆ ಎನ್ನುತ್ತದೆ, 70,125 ಕೋಟಿ ರೂಪಾಯಿಯಲ್ಲಿ. ಅರ್ಹತೆಗೆ ಆಧಾರ 2011ರ ಗಣತಿ. ಆಗ 480 ಜನ ಇದ್ದು ಈಗ 700 ಆಗಿರುವ ತಾಂಡಾ ಸಾಲಿನ ಹೊರಗೆ. ಆಗ 520 ಇದ್ದು ಈಗ ಅರ್ಧ ಮನೆಗಳಿಗೆ ಬೀಗ ಬಿದ್ದ ಊರು ಸಾಲಿನ ಒಳಗೆ.

ಗುಡ್ಡಗಾಡು ಎಂದು ಇಲ್ಲಿ ಎಣಿಸಿರುವುದು ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳನ್ನು. ಪಶ್ಚಿಮ ಘಟ್ಟದ ಕಡಿದಾದ ಕಣಿವೆಯ ಕೇರಿಗೆ ಮಂಡ್ಯದ ಬಯಲಿನ ಊರಿನ ಅಳತೆಯೇ. ನೂರಿನ್ನೂರು ವರ್ಷಗಳಿಂದ ಅಡಿಕೆ ತೋಟದ ಜೊತೆಗೇ ಮನೆ ಕಟ್ಟಿಕೊಂಡು ಬಂದ ಕಡೆ 500 ಮೀಟರಿನೊಳಗೆ 500 ಜನರನ್ನು ಎಲ್ಲಿಂದ ತರುವುದು? ನಮ್ಮದೇ ಪಂಚಾಯತ್ ರಾಜ್ ಕಾಯ್ದೆಗೆ ಈ ವ್ಯತ್ಯಾಸ ಗೊತ್ತಿತ್ತು. 1993ರ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಇರಬೇಕು. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಇದ್ದರೂ ಸಾಕು. ಮತ ಹಾಕಲು ಮಲೆನಾಡು ಬೇರೆ, ರಸ್ತೆ ಮಾಡಲು ಬೇರೆಯಲ್ಲ.

ಮಲೆನಾಡಿನಲ್ಲಿ ರಸ್ತೆಗಿಂತ ಮುಂಚೆ ಬೇಕಾಗುವುದು ಹಳ್ಳ ದಾಟಿಸುವ ವ್ಯವಸ್ಥೆ. ಅಡಿಕೆ ದಬ್ಬೆ, ಮರದ ದಿಮ್ಮಿ ಹಾಕಿ ಕಟ್ಟಿದ ಕಾಲುಸಂಕಗಳ ಮೇಲೆ ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವ ಫೋಟೊ ಪ್ರತಿ ಜುಲೈನಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ, ಆಗಸ್ಟಿನಲ್ಲಿ ಮರೆತುಹೋಗುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ನಡೆದು ಹೋಗುವವರಿಗೆ ಮಾತ್ರ ಆಗುವ, ಕಡಿಮೆ ಖರ್ಚಿನ ಈ ಸೇತುವೆಗಳು ಸಂಪರ್ಕವೆಂದರೆ ವಾಹನವೇ ಆಗಬೇಕಿಲ್ಲ ಎಂದು ತೋರಿಸಿಕೊಟ್ಟವು. ಅರಣ್ಯದೊಳಗಿನ ಊರುಗಳದ್ದು ಮತ್ತೊಂದು ಗೋಳು. ಅರಣ್ಯದ ಅನುಮತಿ ಸಿಗುವುದಿಲ್ಲ ಎನ್ನುವುದು ಸಿದ್ಧ ಉತ್ತರ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2), ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ರಸ್ತೆಯಂಥ ಸೌಕರ್ಯಕ್ಕೆ ಬಳಸಲು ದಾರಿ ಇಟ್ಟಿದೆ. ಅದನ್ನು ಓದಿ ಹೇಳುವವರು ಗ್ರಾಮಸಭೆಯಲ್ಲಿ ಇರಬೇಕು, ಅಷ್ಟೆ.

ಇಷ್ಟೆಲ್ಲ ದಾಟಿ ರಸ್ತೆ ಬಂತು ಎಂದುಕೊಳ್ಳಿ. ಬಸ್ಸು?

ಜಿಲ್ಲಾ ಜನಗಣತಿ ಕೈಪಿಡಿಯನ್ನು ತೆರೆದರೆ ಪ್ರತಿ ಗ್ರಾಮಕ್ಕೂ ಒಂದು ಸಾಲು ಇರುತ್ತದೆ. ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು ನಿಲ್ದಾಣ, ಆಟೊ, ಟ್ಯಾಕ್ಸಿ-ವ್ಯಾನ್, ಟ್ರ್ಯಾಕ್ಟರ್, ಎತ್ತಿನ ಗಾಡಿ ಎಲ್ಲಕ್ಕೂ ಬೇರೆ ಬೇರೆ ಕಾಲಂ. ಸೌಲಭ್ಯ ಊರಲ್ಲಿ ಇದ್ದರೆ ಇದೆ ಎಂದು ಗುರುತು. ಇಲ್ಲದಿದ್ದರೆ ಹತ್ತಿರದ ಜಾಗ ಎಷ್ಟು ದೂರ ಎಂಬುದಕ್ಕೆ ಒಂದು ಅಕ್ಷರ: 5 ಕಿಲೋಮೀಟರ್ ಒಳಗೆ, 5ರಿಂದ 10, 10ಕ್ಕೂ ಮೇಲೆ. ಇಷ್ಟು ಸೂಕ್ಷ್ಮವಾಗಿ ಕೇಳುವ ಕೈಪಿಡಿಯಲ್ಲಿ ಬಸ್ಸು ದಿನಕ್ಕೆ ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಕ್ಕೆ ಜಾಗವಿಲ್ಲ. ವಾರದ ಸಂತೆಗೆ ಮಾತ್ರ ಬಂದುಹೋಗುವ ಬಸ್ಸಿಗೂ ಗಂಟೆಗೊಂದು ಬರುವ ಬಸ್ಸಿಗೂ ಅಲ್ಲಿ ಒಂದೇ ಉತ್ತರ. ಹೀಗಾಗಿ ಶೇಕಡಾ ಇಷ್ಟು ಹಳ್ಳಿಗಳಿಗೆ ಬಸ್ ಸೌಕರ್ಯ ಇದೆ ಎಂಬ ಮಾತು ಯಾರಾದರೂ ಹೇಳಿದರೆ ನಾನು ಅರ್ಧ ಮಾತ್ರ ನಂಬುತ್ತೇನೆ.

ಹಳ್ಳಿಯ ಬಸ್ಸಿನಲ್ಲಿ ಎಷ್ಟು ಎಂಬುದಕ್ಕಿಂತ ಯಾವ ಕಡೆಯಿಂದ ಹೊರಡುತ್ತದೆ ಎಂಬುದು ಮುಖ್ಯ. ತಾಲ್ಲೂಕು ಕೇಂದ್ರ ಮೂವತ್ತು ಕಿಲೋಮೀಟರ್ ದೂರ, ದಾರಿ ಒಂದೂಕಾಲು ಗಂಟೆಯದ್ದು ಎಂದಿಟ್ಟುಕೊಳ್ಳಿ. ಬಸ್ಸು ಬೆಳಗ್ಗೆ ಏಳಕ್ಕೆ ಪೇಟೆಯ ಡಿಪೋದಿಂದ ಹೊರಟರೆ ಊರು ಮುಟ್ಟುವುದು ಎಂಟೂಕಾಲಕ್ಕೆ, ತಿರುಗಿ ಪೇಟೆ ಸೇರುವುದು ಒಂಬತ್ತೂವರೆ ದಾಟಿದ ಮೇಲೆ. ಕಾಲೇಜಿನ ಮೊದಲ ಪೀರಿಯಡ್ ಹೋಯಿತು. ಗಾರ್ಮೆಂಟ್ಸಿಗೋ ಅಂಗಡಿ ಕೆಲಸಕ್ಕೋ ಹೋಗುವವಳ ಹಾಜರಿ ಹೋಯಿತು, ಡೇರಿಗೆ ಹಾಲು ಕಳಿಸುವ ಹೊತ್ತೂ ಮೀರಿತು. ಅದೇ ಬಸ್ಸು ಹಿಂದಿನ ರಾತ್ರಿ ಊರಿಗೇ ಬಂದು ಉಳಿದು, ಬೆಳಗ್ಗೆ ಆರೂವರೆಗೆ ಊರಿಂದ ಹೊರಟರೆ ಎಲ್ಲರ ಕೆಲಸವೂ ಆಗುತ್ತದೆ. ಹಳೇ ಮೈಸೂರಿನ ಕಡೆ ಇದನ್ನು ನೈಟ್ ಹಾಲ್ಟ್ ಬಸ್ಸು ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು. ಓಡುವ ಕಿಲೋಮೀಟರ್ ಎರಡರಲ್ಲೂ ಒಂದೇ, ಡೀಸೆಲ್ ಖರ್ಚೂ ಒಂದೇ.

ವಸ್ತಿ ಬಸ್ಸು ನಿಂತುಹೋಗಲು ಕಾರಣ ಹಲವು ಕಡೆ ತೀರ ಸಣ್ಣದು. ರಾತ್ರಿ ಒಂಬತ್ತಕ್ಕೆ ಊರು ಮುಟ್ಟುವ ಡ್ರೈವರ್, ಕಂಡಕ್ಟರ್ ಎಲ್ಲಿ ಮಲಗಬೇಕು? ದೇವಸ್ಥಾನದ ಜಗಲಿಯಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ, ಇಲ್ಲವೇ ಬಸ್ಸಿನ ಸೀಟಿನ ಮೇಲೇ. ಕಲೆಕ್ಷನ್ ದುಡ್ಡಿನ ಚೀಲ ತಲೆದಿಂಬು. ಬೆಳಗ್ಗೆ ಶೌಚಕ್ಕೆ ಚೊಂಬು ಹಿಡಿದು ಬಯಲು ಹುಡುಕಬೇಕು. ಕಂಡಕ್ಟರ್ ಹೆಣ್ಣುಮಗಳಾದರೆ ಆ ಡ್ಯೂಟಿಯೇ ಹಾಕುವಂತಿಲ್ಲ. ಒಂದು ಕೋಣೆ, ಒಂದು ಶೌಚಾಲಯ, ಒಂದು ಸೊಳ್ಳೆಪರದೆ ಕೊಟ್ಟ ಪಂಚಾಯಿತಿಯಲ್ಲಿ ಬಸ್ಸು ಉಳಿಯುತ್ತದೆ. ಕೋಟಿಗಟ್ಟಲೆಯ ರಸ್ತೆಗೆ ಅಂದಾಜು ಪಟ್ಟಿ ಮಾಡುವಾಗ ಈ ಕೋಣೆಯನ್ನು ಅದರಲ್ಲಿ ಸೇರಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ಕಲೆಕ್ಷನ್. ಡಿಪೋದಲ್ಲಿ ಒಂದು ರೂಟಿನ ಹಣೆಬರಹ ತೀರ್ಮಾನವಾಗುವುದು ಕಿಲೋಮೀಟರಿಗೆ ಎಷ್ಟು ರೂಪಾಯಿ ಬಂತು ಎಂಬುದರ ಮೇಲೆ. ಬಸ್ಸು ಖಾಲಿ ಓಡಿದರೂ ತುಂಬಿ ಓಡಿದರೂ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಬೈಕು ಬಂದ ಮೇಲೆ ಹಳ್ಳಿಯ ಗಂಡಸರು, ಅಂದರೆ ಪೂರ್ತಿ ಟಿಕೆಟ್ ತೆಗೆಯುತ್ತಿದ್ದವರು, ಬಸ್ಸಿನಿಂದ ಇಳಿದರು. ಉಳಿದವರು ಪಾಸಿನ ವಿದ್ಯಾರ್ಥಿಗಳು, ರಿಯಾಯಿತಿಯ ಹಿರಿಯರು, ಹೆಂಗಸರು. ಇತ್ತ ಮಕ್ಕಳ ಸಂಖ್ಯೆ ಕಡಿಮೆಯಾದಂತೆ ಊರಿನ ಶಾಲೆ ಮುಚ್ಚುತ್ತದೆ, ಅಂಗಡಿ ಬಾಗಿಲು ಹಾಕುತ್ತದೆ. ಉಳಿದವರಿಗೆ ವಯಸ್ಸಾದಂತೆ ಆಸ್ಪತ್ರೆಯ ಓಡಾಟ ಹೆಚ್ಚುತ್ತದೆ. ಸಾವಿರ ಜನರ ಊರಿನಲ್ಲಿ ಮನೆಯ ಬಳಿಯೇ ಆಗುತ್ತಿದ್ದ ಕೆಲಸಕ್ಕೆ ಇನ್ನೂರು ಜನರ ಊರಿನವರು ಪೇಟೆಗೇ ಹೋಗಬೇಕು. ಅಂದರೆ ಜನ ಕಡಿಮೆಯಾದಷ್ಟೂ ತಲಾ ಓಡಾಟ ಹೆಚ್ಚು, ಬಸ್ಸಿನ ಆದಾಯ ಕಡಿಮೆ. ತಲೆ ಎಣಿಸಿ ರಸ್ತೆ, ದುಡ್ಡು ಎಣಿಸಿ ಬಸ್ಸು ಎಂಬ ಎರಡೂ ನಿಯಮಗಳು ಈ ಗಂಟನ್ನು ಹಿಡಿಯುವುದಿಲ್ಲ. ಬೇಕಾದದ್ದು ಓಡಾಟದ ಎಣಿಕೆ.

ಕೊಪ್ಪದ ಸಹಕಾರ ಸಾರಿಗೆ ಇದಕ್ಕೆ ಒಳ್ಳೆಯ ಪಾಠ. ಮುಚ್ಚಿಹೋದ ಖಾಸಗಿ ಸಾರಿಗೆ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ಸರ್ಕಾರಿ ಬಸ್ಸು ಹತ್ತದ ಮಲೆನಾಡಿನ ದಾರಿಗಳಲ್ಲಿ ಅವರ ಬಸ್ಸು ಓಡಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸನ್ನೂ ಕೊಟ್ಟಿತು. ಡೀಸೆಲ್, ಬಿಡಿಭಾಗ, ತೆರಿಗೆ, ವಿಮೆಯ ಭಾರ ಏರುತ್ತ ಹೋಗಿ 2020ರ ಫೆಬ್ರವರಿಯಲ್ಲಿ, ಕೋವಿಡ್ ಲಾಕ್‌ಡೌನ್‌ಗೂ ಮೊದಲೇ, ನಿಂತುಹೋಯಿತು. ಸರ್ಕಾರಿ ನಿಗಮ ಪಾಸು ಕೊಟ್ಟರೆ ಸರ್ಕಾರ ಅದರ ಒಂದು ಪಾಲನ್ನಾದರೂ ತುಂಬಿಕೊಡುತ್ತದೆ. ಅದೇ ಸೇವೆಯನ್ನು ಕಾರ್ಮಿಕರ ಸಹಕಾರ ಸಂಘ ಮಾಡಿದಾಗ ಆ ಹೊರೆ ಅದರ ಹೆಗಲ ಮೇಲೆಯೇ ಉಳಿಯಿತು. ಈ ಅಸಮಾನತೆ ಸರಿಪಡಿಸಬಹುದಾದದ್ದಾಗಿತ್ತು ಎಂಬುದು ನನ್ನ ಅಭಿಪ್ರಾಯ.

2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಈ ಅಸಮಾನತೆಯನ್ನು ಇನ್ನೂ ಎದ್ದು ಕಾಣಿಸಿತು. ರಾಜ್ಯದ ನಾಲ್ಕು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಹಲವು ಊರುಗಳಲ್ಲಿ, ಶಿವಮೊಗ್ಗ, ಚಿಕ್ಕಮಗಳೂರಿನ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿನ ಹೆಂಗಸರು ದುಡ್ಡು ಕೊಟ್ಟೇ ಹತ್ತಬೇಕು. ನಮ್ಮಲ್ಲಿಗೂ ಕೆಂಪು ಬಸ್ಸು ಬಿಡಿ ಎಂಬ ಬೇಡಿಕೆ ಎದ್ದಿತು, ಪರ್ಮಿಟ್ ಇರುವ ಖಾಸಗಿಯವರ ಆಕ್ಷೇಪವೂ ಎದ್ದಿತು. ಆದರೆ ಶಕ್ತಿಯಿಂದ ಯಾರೂ ಹೆಚ್ಚು ಮಾತಾಡದ ಒಂದು ಲಾಭವಾಗಿದೆ. ಉಚಿತವಾದರೂ ಪ್ರತಿ ಹೆಂಗಸಿಗೂ ಯಂತ್ರದಿಂದ ಶೂನ್ಯ ಟಿಕೆಟ್ ಬರುತ್ತದೆ. ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು, ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿ ದಾಖಲು. 500 ಕೋಟಿ ಟಿಕೆಟ್ ಎಂದರೆ 500 ಕೋಟಿ ಪ್ರಯಾಣಗಳ ದಾಖಲೆ. ಯಾವ ಸ್ಟೇಜಿನಿಂದ ಜನ ಮೂರು ಕಿಲೋಮೀಟರ್ ನಡೆದು ಬಂದು ಹತ್ತುತ್ತಿದ್ದಾರೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಆದರೆ ಹತ್ತಿಪ್ಪತ್ತು ಮನೆಯ ಕ್ರಾಸೊಂದರಲ್ಲಿ ದಿನಾ ಬೆಳಗ್ಗೆ ನಲವತ್ತು ಟಿಕೆಟ್ ಹೋಗುತ್ತಿದ್ದರೆ ಒಳಗೆಲ್ಲೋ ಬಸ್ಸಿಲ್ಲದ ಊರು ಇದೆ ಎಂದೇ ಅರ್ಥ.

ಬಸ್ಸಿಲ್ಲದ ಕಡೆ ಜನ ಕೈಕಟ್ಟಿ ಕೂತಿಲ್ಲ. ಮಲೆನಾಡಿನಲ್ಲಿ ಜೀಪು, ಉತ್ತರದಲ್ಲಿ ಕ್ರೂಸರ್ ಮತ್ತು ಟಂಟಂ, ಎಲ್ಲ ಕಡೆ ಆಪೆ ಆಟೊ. ಹನ್ನೆರಡರವರೆಗೆ ಜನ ಕೂರುವ ಮ್ಯಾಕ್ಸಿಕ್ಯಾಬ್ ಕಾನೂನಿನ ಪ್ರಕಾರ ಒಟ್ಟಾಗಿ ಬಾಡಿಗೆಗೆ ಹೋಗಬೇಕು. ದಾರಿಯುದ್ದಕ್ಕೂ ತಲೆಗಿಷ್ಟು ಎಂದು ಹತ್ತಿಸಿ ಇಳಿಸುವಂತಿಲ್ಲ. ಹಳ್ಳಿಯಲ್ಲಿ ಅವು ಮಾಡುವುದೇ ಅದನ್ನು. ಪೊಲೀಸರು ಹಿಡಿದಾಗ ದಂಡ. ಅಪಘಾತವಾದರೆ ಪರ್ಮಿಟ್ ಷರತ್ತು ಮುರಿದಿದೆ ಎಂದು ವಿಮೆಯವರು ತಕರಾರು ತೆಗೆಯುತ್ತಾರೆ, ಗಾಯಾಳುಗಳು ಕೋರ್ಟಿಗೆ ಅಲೆಯುತ್ತಾರೆ. ನೆರೆಯ ತಮಿಳುನಾಡು 1997ರಿಂದಲೇ ಬಸ್ಸಿಲ್ಲದ ಹಳ್ಳಿಗಳಿಗೆ ಮಿನಿಬಸ್ ಪರ್ಮಿಟ್ ಕೊಟ್ಟು, 2025ರಲ್ಲಿ ಆ ಯೋಜನೆಯನ್ನು ಹೊಸದಾಗಿ ವಿಸ್ತರಿಸಿತು. ಮುಖ್ಯರಸ್ತೆಯ ಲಾಭದ ತುಂಡಿನ ಜೊತೆ ಒಳದಾರಿಯ ನಷ್ಟದ ತುಂಡನ್ನು ಕಟ್ಟಿ ಕೊಡುವುದು ಅದರ ಉಪಾಯ. ಇಲ್ಲೂ ಅದು ಆಗದ ಮಾತೇನಲ್ಲ. ಹದಿನೈದು ಜನರಿಗಾಗಿ ಐವತ್ತು ಸೀಟಿನ ಬಸ್ಸನ್ನು ಒಂಟಿ ಪಥದ ದಾರಿಯಲ್ಲಿ ನುಗ್ಗಿಸುವುದಕ್ಕಿಂತ ಸಣ್ಣ ಗಾಡಿಗೆ ಕಾನೂನಿನ ಒಳಗೆ ಜಾಗ ಮಾಡಿಕೊಡುವುದು ಅಗ್ಗ.

ಅಭಿವೃದ್ಧಿ ಕೆಲಸಗಳ ಪರಿಶೀಲನೆಗೆಂದು ಸೇರುವ ತಾಲ್ಲೂಕು ಕೆಡಿಪಿ ಸಭೆಯಲ್ಲಿ ಬಸ್ಸಿನ ಮಾತು ಬರದ ತಿಂಗಳಿಲ್ಲ. ಸಿಬ್ಬಂದಿ ಇಲ್ಲ, ಗಾಡಿ ಇಲ್ಲ, ಮೇಲಿನವರಿಗೆ ಬರೆದಿದ್ದೇವೆ ಎಂಬ ಉತ್ತರವೂ ಹಳೆಯದೇ. ಕೇಳುವ ರೀತಿಯನ್ನು ಸ್ವಲ್ಪ ಬದಲಿಸಬಹುದು. ಬಸ್ಸು ಬೇಕು ಎನ್ನುವ ಬದಲು, ಬೆಳಗ್ಗೆ ಒಂಬತ್ತರೊಳಗೆ ತಾಲ್ಲೂಕು ಕೇಂದ್ರ ಮುಟ್ಟಿಸಿ ಸಂಜೆ ಆರರ ಮೇಲೆ ಮರಳಿ ತರುವ ಗಾಡಿ ಯಾವ ಯಾವ ವಸತಿಗೆ ಇಲ್ಲ ಎಂಬ ಪಟ್ಟಿಯನ್ನು ಪಂಚಾಯಿತಿಗಳೇ ಮಾಡಿ ಮುಂದಿಡಬಹುದು. ಇದಕ್ಕೆ ಹೊಸ ಇಲಾಖೆ, ಹೊಸ ಸಮೀಕ್ಷೆ ಬೇಕಿಲ್ಲ. ಆಶಾ ಕಾರ್ಯಕರ್ತೆ, ಶಾಲೆಯ ಮುಖ್ಯಶಿಕ್ಷಕರು, ಹಾಲಿನ ಡೇರಿಯ ಕಾರ್ಯದರ್ಶಿ ಒಂದು ಮಧ್ಯಾಹ್ನ ಕೂತರೆ ಸಾಕು. ಮೋಟಾರು ವಾಹನ ಕಾಯ್ದೆಯ ಕಲಂ 72ರ ಪ್ರಕಾರ ಪರ್ಮಿಟ್ಟಿನಲ್ಲಿ ವೇಳಾಪಟ್ಟಿಯನ್ನೂ ದಿನದ ಕನಿಷ್ಠ ಟ್ರಿಪ್ಪುಗಳನ್ನೂ ಷರತ್ತಾಗಿ ಹಾಕಬಹುದು. ಆ ಷರತ್ತು ಹಾಕುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. 2027ರ ಜನಗಣತಿಗೆ ಜಿಲ್ಲೆಯ ಮಟ್ಟದ ಮುಖ್ಯ ಗಣತಿ ಅಧಿಕಾರಿಯೂ ಅವರೇ. ಗ್ರಾಮ ಸೌಲಭ್ಯಗಳ ಪಟ್ಟಿ ಮತ್ತೆ ತುಂಬಿಸುವಾಗ ಬಸ್ಸಿನ ಕಾಲಮ್ಮಿನ ಪಕ್ಕದಲ್ಲಿ ಹೊತ್ತನ್ನೂ ಬರೆಸಿ, ಅದೇ ಹಾಳೆಯನ್ನು ಪ್ರಾಧಿಕಾರದ ಮುಂದಿನ ಸಭೆಗೆ ತರಿಸಿಕೊಳ್ಳಲು ಅವರು ಬೆಂಗಳೂರಿನ ಆದೇಶಕ್ಕೆ ಕಾಯಬೇಕಿಲ್ಲ.